ಟೇಪು ಮತ್ತು ಅಂಗೈ

ಗ್ರಿಮ್ಸ್‌ಬಿಯ ಲೈಬ್ರರಿಯ ಮೇಲಿನ ಕೋಣೆ, ಗುರುವಾರ, ಸಂಜೆ ಆರೂವರೆ.
ಹೀಟರು ಕೆಮ್ಮುತ್ತಿದೆ. ತೂಗುಹಾಕಿದ ಕೋಟುಗಳಲ್ಲಿ ಮೀನಿನ ವಾಸನೆ.
ಥೆಲ್ಮಾ ಹಾಬ್ಡೇ ಕೈಚೀಲದಿಂದ ತೆಗೆದಳು
ದರ್ಜಿಯ ಟೇಪು, ಆಮೇಲೆ ಉಣ್ಣೆಯ ಒಂದು ಕಾಲುಚೀಲ,
ಮೊಮ್ಮಗುವಿನದು, ಹೆಬ್ಬೆರಳಿಗೆ ಟೋಪಿಯಾದೀತು.

"ಟೇಪು ಹಿಡಿದು ಹೇಳಿದರೆ ಸ್ಮಾಲ್.
ಅಂಗೈಯಲ್ಲಿಟ್ಟು ಹೇಳಿದರೆ ಲಿಟ್ಲ್."

ಬೋರ್ಡಿನ ಮೇಲೆ ಎರಡು ಪದ, ನಡುವೆ ಗೆರೆ,
ಗೆರೆ ಕೊಂಚ ಸೊಟ್ಟ.

ಸ್ಮಾಲ್‌ಗೆ ಯಾರ ಹಂಗೂ ಇಲ್ಲ. ವಾಕ್ಯದ ಕೊನೆಯಲ್ಲಿ
ಒಂಟಿಯಾಗಿ ನಿಂತೀತು: ಕೋಣೆ ಸ್ಮಾಲ್, ಸಂಬಳ ಸ್ಮಾಲ್.
ಮೆಟ್ಟಿಲನ್ನೂ ಇಳಿದೀತು, ಸ್ಮಾಲರ್, ಸ್ಮಾಲೆಸ್ಟ್.
ಲಿಟ್ಲ್ ಹಾಗಲ್ಲ. ಮುಂದೆ ಯಾರಾದರೂ ನಡೆಯುತ್ತಿರಬೇಕು,
ಸೆರಗು ಹಿಡಿದು ಬರುವ ಕೂಸು ಅದು.

ರಿಮಾಂತಸ್ ಕೈ ಎತ್ತಿದ: "ನಮ್ಮ ಫ್ಯಾಕ್ಟರಿಯ ಪೆಟ್ಟಿಗೆಗಳ ಮೇಲೆ
ಸ್ಮಾಲ್, ಮೀಡಿಯಂ, ಲಾರ್ಜ್. ಹನ್ನೊಂದು ವರ್ಷದಲ್ಲಿ
ಲಿಟ್ಲ್ ಎಂಬ ಪೆಟ್ಟಿಗೆ ಕಂಡಿಲ್ಲ."
"ಕಾಣುವುದೂ ಇಲ್ಲ ಕಣಪ್ಪ. ಸತ್ತ ಮೀನನ್ನು ಯಾರು ಮುದ್ದಿಸುತ್ತಾರೆ?"
ನಕ್ಕರು. ಹೇಮಿನ್ ಅದನ್ನೂ ಬರೆದುಕೊಂಡ. ಕೇಳಿದ:
"ಬಾಡಿಗೆ ಕೇಳಲು ಬಂದವನ ಎದುರು, ಮಕ್ಕಳು ನೋಡುತ್ತಿರುವಾಗ,
ನಾನು ಏನಾದೆ?"
"ಸ್ಮಾಲ್," ಎಂದಳು ಥೆಲ್ಮಾ, ಬೋರ್ಡಿನ ಕಡೆ ತಿರುಗಿಕೊಂಡು.

ಅಬ್ರೆಹೆತ್‌ಳ ಹೋಂವರ್ಕಿನಲ್ಲಿ 'ನನ್ನ ಸ್ಮಾಲ್ ತಮ್ಮ'.
ಕೆಂಪು ಶಾಯಿ ಬಂದು ಲಿಟ್ಲ್ ಮಾಡಿತ್ತು.
"ಅವನು ಆ ಬಾಗಿಲಿಗಿಂತ ಎತ್ತರ," ಎಂದಳು.
"ಇರಲಿ. ನಿನ್ನ ಆಮೇಲೆ ಹುಟ್ಟಿದವನಲ್ಲವೆ,
ಎಪ್ಪತ್ತಾದರೂ ಲಿಟ್ಲೇ."

ಮುದ್ದಿನ ಪದ, ಎಂದು ತನ್ನ ಲಿಪಿಯಲ್ಲಿ ಬರೆದುಕೊಂಡಳು.
ಆಮೇಲೆ ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ,
ಕಾಣೆಯಾದವರನ್ನು ಹುಡುಕುವ ಕಚೇರಿಯದು,
ತಿಂಗಳಿಂದ ಬಿಚ್ಚಿ ಮಡಚಿ ಬಟ್ಟೆಯಂತಾಗಿದೆ.
ದೋಣಿ. ತಾರೀಖು. ತಪ್ಪು ಕಾಗುಣಿತದಲ್ಲಿ ತಮ್ಮನ ಹೆಸರು.
ಕೊನೆಗೆ: ದೇರ್ ಈಸ್ ಲಿಟ್ಲ್ ಹೋಪ್.

"ಪುಟ್ಟ ಭರವಸೆ," ಎಂದಳು. "ಸ್ಮಾಲ್ ಎನ್ನಲಿಲ್ಲ ನೋಡಿ.
ಯಾರೋ ಒಳ್ಳೆಯವರು ಬರೆದಿರಬೇಕು."

ಥೆಲ್ಮಾ ಓದಿದಳು. ಮತ್ತೆ ಓದಿದಳು,
ಲಿಟ್ಲ್‌ನ ಹಿಂದೆ ಒಂದು 'ಎ' ಸಿಕ್ಕೀತೇ ಎಂದು.
ಆ ಭಾಷೆಯ ಅತಿ ಬಡಕಲು ಪದ. ಅದಿದ್ದರೆ
ಕೊಂಚವಾದರೂ ಉಂಟು. ಅದಿಲ್ಲದಿದ್ದರೆ
ಇಲ್ಲವೆಂದೇ.
ಕಾಗದ ತಿರುಗಿಸಿದಳು. ಹಿಂಬದಿ ಖಾಲಿ.

ಪಾಠದ ಪುಸ್ತಕದಲ್ಲಿ ಅದು ಎಂಬತ್ತೆರಡನೇ ಪುಟ.
ಎಲ್ಲರೂ ಇನ್ನೂ ಎಂಬತ್ತೊಂದರಲ್ಲಿದ್ದರು.

ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
"ಇದೇ ಪದದ್ದು ಇನ್ನೊಂದು ಪಾಠವಿದೆ, ಮುಂದಿನ ವಾರ.
ನೀನು ಎಲ್ಲರಿಗಿಂತ ಮೊದಲು ಬಾ. ಚಹಾ ಮಾಡಿರುತ್ತೇನೆ."

ಕುರ್ಚಿಗಳು ಎದ್ದವು, ಕೋಟುಗಳು ಇಳಿದವು.
ಮೇಜಿನ ಮೇಲೆ ಮರೆತ ಕಾಲುಚೀಲಕ್ಕೆ
ರಿಮಾಂತಸ್ ಟೇಪು ಹಿಡಿದು ನೋಡಿದ.
ಎಂಟೂವರೆ ಸೆಂಟಿಮೀಟರು,
ಎಂದ, ಯಾರಿಗೂ ಅಲ್ಲ.