ಸೊಬಗು ಹಾಕಿ

ಪೂರ್ತಿ ಹೆಸರು ಹೊರಿಉಚಿ.
ಕೊನೆಯ ಅರ್ಧಕ್ಕೆ ಎಲೆ ಎತ್ತುವ ಹುಡುಗರು
ಕಿಸಕ್ಕನೆ ನಕ್ಕಿದ್ದರಿಂದ
ಹೋರಿಯವರೇ ಎಂದು ಕರೆದೆ ಮೊದಲ ದಿನದಿಂದ.
ಅವರೂ ತಲೆಬಾಗಿ ಒಪ್ಪಿಕೊಂಡರು,
ಹೋರಿ ಎಂದರೇನೆಂದು ಯಾರೂ ಹೇಳಲಿಲ್ಲ.

ಬಿ.ಎಂ. ರಸ್ತೆಯಾಚೆಯ ದಾರದ ಫ್ಯಾಕ್ಟರಿಗೆ
ಕೆಟ್ಟ ಯಂತ್ರದ ಬೆನ್ನು ಹಿಡಿದು ಬಂದವರು.
ಮೂರು ವಾರದ ಕೆಲಸ. ಲಾಡ್ಜಿನ ಬ್ರೆಡ್ಡು ಬಾಯಿಗೆ ಸೇರದೆ
ಅರಕಲಗೂಡಿನ ಧರಣೇಶ ಒಂದು ಮಧ್ಯಾಹ್ನ
ಕರೆದುಕೊಂಡು ಬಂದ ಇಲ್ಲಿಗೆ:
ಹತ್ತು ಬೆಂಚು, ಎರಡು ಒಲೆ,
ಕೈ ತೊಳೆಯುವಲ್ಲಿ ಒಡೆದ ಕನ್ನಡಿ.

ಅವರು ಕೂರಲೇ ಇಲ್ಲ.
ಕವೆಗೋಲಲ್ಲಿ ಪಾತ್ರೆ ಅದುಮಿ
ಎದೆಯ ಭಾರವೆಲ್ಲ ದೊಣ್ಣೆಗೆ ಕೊಟ್ಟು
ನಾನು ಹಿಟ್ಟು ತಿರುವುತ್ತಿದ್ದೆ.
ಒಲೆಯ ಪಕ್ಕ ಬಂದು ನಿಂತರು. ಆವಿಗೆ ಕನ್ನಡಕ ಮಂಜಾಯಿತು,
ಒರೆಸಿಕೊಳ್ಳದೆ
ಏನೋ ಅಂದರು.
'ಸೊಬಗು ಹಾಕಿ' ಅಂದಂತೆ ಕೇಳಿತು ನನಗೆ.
ಹಾಕೋಣ ಸ್ವಾಮಿ, ಅಂದೆ,
ಉಪ್ಪಿದೆ, ಖಾರ ಇದೆ,
ಸೊಬಗು ಯಾವ ಡಬ್ಬಿಯಲ್ಲಿದೆಯೋ ಕಾಣೆ.

ಧರಣೇಶ ಫೋನನ್ನು ಇಬ್ಬರ ಬಾಯಿಗೂ ಹಿಡಿದು ಹಿಡಿದು
ಗಂಟು ಬಿಡಿಸಿದ.
ನಾಗಾನೊ ಎಂಬ ಬೆಟ್ಟದ ಸೀಮೆ ಅವರದು.
ಭತ್ತ ಒಲ್ಲದ ಇಳಿಜಾರಲ್ಲಿ
ಮೂರು ಮೂಲೆಯ ಒಂದು ಕಾಳು, ಸೋಬಾ,
ಹೂವು ಬಿಳಿ, ಮೂರು ತಿಂಗಳೊಳಗೆ ಕೊಯ್ಲು.
ಪೇಟೆಯವರಿಗೆ ಅದು ಎಳೆ ಎಳೆ ಶಾವಿಗೆ.
ವರ್ಷದ ಕೊನೆಯ ರಾತ್ರಿ ಅದನ್ನೇ ಉಣ್ಣಬೇಕಂತೆ,
ಎಳೆ ಪಟಕ್ಕನೆ ಕಡಿಯುವ ಹಾಗೆ
ಹಳೆಯ ವರ್ಷದ ಪೀಡೆಯೂ ಕಡಿಯಲೆಂದು.
ಶಾವಿಗೆ ಕೊಯ್ಯಲು ಪುರುಸೊತ್ತಿಲ್ಲದ ಮನೆಯಲ್ಲಿ
ಅಜ್ಜಿ ಅದೇ ಹಿಟ್ಟನ್ನು ನೀರಿಗೆ ಹಾಕಿ
ಹೀಗೇ, ಇದೇ ಹೀಗೇ ತಿರುವುತ್ತಿದ್ದಳು:
ಸೋಬಾಗಾಕಿ.

ನೆಂಟರು ಬಂದರೆ? ಕೇಳಿದೆ.
ಬಟ್ಟಲಿನ ಮೇಲೆ ಅಂಗೈ ಮುಚ್ಚಿ ತೋರಿಸಿದರು.
ಅಯ್ಯೋ, ನಮ್ಮಲ್ಲೂ.
ಹೊಳೆನರಸೀಪುರದ ಬೀಗರು ಬಂದ ದಿನ
ಅವ್ವ ಹಿಟ್ಟಿನ ಮಡಕೆಯನ್ನು ಸೌದೆ ಹಿಂದೆ ಸರಿಸಿ
ಕಡ ತಂದ ಅಕ್ಕಿಯಲ್ಲಿ ಅನ್ನ ಮಾಡಿದ್ದು
ಯಾರಿಗೂ ಹೇಳಿರಲಿಲ್ಲ ನಾನು ಇಷ್ಟು ವರ್ಷ.
ಫೋನು ಅದನ್ನು ಏನೆಂದು ಹೇಳಿತೋ,
ಆಗ ಕೂತರು ಹೋರಿಯವರು ಬೆಂಚಿನ ಮೇಲೆ.

ಉಪ್ಸಾರನ್ನು ಸೊರ್ರನೆ ಎಳೆದರು. ಇಡೀ ಮೆಸ್ಸು ತಿರುಗಿ ನೋಡಿತು.
ಸದ್ದು ಮಾಡಿ ಉಂಡರೆ ಅವ್ವ ತೊಡೆ ಚಿವುಟುತ್ತಿದ್ದಳು.
ಅವರಜ್ಜಿ, ಸದ್ದಿಲ್ಲದೆ ಉಂಡರೆ
ರುಚಿಯಾಗಿಲ್ಲವೇ ಎಂದು ಮುಖ ನೋಡುತ್ತಿದ್ದಳಂತೆ.
ಹಿಟ್ಟನ್ನು ಅಗಿದರು. ಅಗೀಬೇಡಿ ಎಂದು
ಗಂಟಲು ಮುಟ್ಟಿ ತೋರಿಸಿದೆ.
ನುಂಗಿದರು. ಕಣ್ಣಲ್ಲಿ ನೀರು.
ಬಿಸಿಗೆ, ಅಂದಿತು ಫೋನು.

ಮಾರನೆಯ ವರ್ಷ ಪುಣ್ಯಕ್ಕೆ ಯಂತ್ರ ಮತ್ತೆ ಕೆಟ್ಟಿತು.
ಬೂದು ಹಿಟ್ಟು, ಅರ್ಧ ಸೇರು, ನೀಲಿ ಬಟ್ಟೆಯಲ್ಲಿ ಗಂಟು ಹಾಕಿ
ಎರಡೂ ಕೈಯಲ್ಲಿ ಕೊಟ್ಟರು,
ನಾವು ಬಾಗಿನ ಕೊಡುವ ಹಾಗೆ.
ನಲವತ್ತು ವರ್ಷ ಪಳಗಿದ ತೋಳು, ನಾನು ಹಿಟ್ಟಿಗೆ ಹೊಸಬಳೇ?
ಎಸರಿಟ್ಟೆ, ಸುರಿದೆ, ತಿರುವಿದೆ.
ಗಂಟು. ಬರೀ ಗಂಟು.
ಹುಡುಗರು ಈ ಸಲ ನನ್ನನ್ನು ನೋಡಿ ನಕ್ಕರು.
ಅವರು ತೋಳು ಮಡಚಿ ಸಣ್ಣ ಬಾಣಲೆ ಕೇಳಿ
ತಣ್ಣೀರಲ್ಲೇ ಕಲಸಿ, ಆಮೇಲೆ ಉರಿಗಿಟ್ಟು
ಉಸಿರು ಬಿಗಿಹಿಡಿದು ತಿರುವಿದರು,
ಮಳೆಗೆ ನೆನೆದ ಕಲ್ಲಿನ ಬಣ್ಣ ಬರುವವರೆಗೆ.

ಸುಳ್ಳು ಯಾಕೆ, ನನಗೆ ಹಿಡಿಸಲಿಲ್ಲ. ಚಪ್ಪೆ.
ಉಪ್ಸಾರಿನ ಖಾರ ಹಚ್ಚಿಕೊಂಡು ಮುಗಿಸಿದೆ.
ಅವರು ಸೋಯಾದ ಕರಿನೀರು ಎರಡು ಹನಿ ಬಿಟ್ಟುಕೊಂಡು
ಅರ್ಧಕ್ಕೇ ನಿಲ್ಲಿಸಿದರು.
ಅಜ್ಜಿಯದು ಹೀಗಿರಲಿಲ್ಲ.
ಇದು ಹೇಮಾವತಿ ನೀರು, ಅಂದೆ.
ತುಂಬ ಹೊತ್ತು ತಲೆಯಾಡಿಸಿದರು.

ಉಳಿದ ಹಿಟ್ಟಿಗೆ ಶ್ರಾವಣದಲ್ಲಿ ಹುಳ ಬಿತ್ತು.
ಪಕ್ಕದ ತಸ್ಲೀಮಾಳ ಕೋಳಿಗಳು ಹೆಸರು ಕೇಳದೆ ತಿಂದವು.
ನೀಲಿ ಬಟ್ಟೆ ಇದೆ, ಪಾತ್ರೆ ಇಳಿಸಲು ಹಿಡಿಬಟ್ಟೆ,
ಒಂದು ಮೂಲೆ ಸುಟ್ಟಿದೆ.
ಇನ್ನೊಂದು ಮುದ್ದೆ ಬೇಕಾದಾಗ ಫ್ಯಾಕ್ಟರಿ ಹುಡುಗರು
ಈಗಲೂ ಕೂಗುತ್ತಾರೆ,
ದ್ಯಾವೀರಮ್ಮಾ, ಸೊಬಗು ಹಾಕೀ!

ತಡೀರೋ,
ಎಸರು ಮರಳಲಿ.