ಹಸಿರು ಸೂರು

ಮೊದಲ ಫೋಟೋದಲ್ಲಿ ನನ್ನ ಮಗಳನ್ನು
ಗೋಡೆಗೆ ತೇಪೆ ಹಾಕಿದಂತಿದೆ.
ಮೂಗಿಲ್ಲ, ಗಲ್ಲವಿಲ್ಲ,
ಇಸ್ತ್ರಿ ಹೆಚ್ಚಾದ ಅಂಗಿಯಂತೆ ಮುಖ ಸಪಾಟು.
ಬೆನ್ನ ಹಿಂದೆ, ಅವಳಿಗಿಂತ ಕಪ್ಪಗೆ,
ಅವಳಿಗಿಂತ ಸ್ಪಷ್ಟವಾಗಿ
ಇನ್ನೊಬ್ಬ ಗಂಗೋತ್ರಿ.

ಎರಡನೆಯದರಲ್ಲಿ ಸಿದ್ಧುವಿನ ಕಣ್ಣಿಗೆ
ಯಾರೋ ಕೆಂಪು ಗುಂಡಿ ಹೊಲಿದಿದ್ದಾರೆ.
ಮೂರನೆಯದರಲ್ಲಿ ಇಬ್ಬರದೂ ಕಣ್ಣು ಮುಚ್ಚಿದೆ,
ಏಟು ಬೀಳುವುದು ಮೊದಲೇ ಗೊತ್ತಿದ್ದವರ ಹಾಗೆ.

ಬೋರಾ ಬಜಾರಿನ ತಾಹೇರ್‌ಭಾಯಿ
ಹಳೆಯ ಕ್ಯಾಮೆರಾ ಮಾರಿದವನು,
ಉಪದೇಶ ಪುಕ್ಕಟೆ ಕೊಟ್ಟ:
ಮಕ್ಕಳನ್ನು ಗೋಡೆಯಿಂದ ಐದಡಿ ಮುಂದೆ ನಿಲ್ಲಿಸು,
ನೀನು ಎಂಟಡಿ ಹಿಂದೆ ಸರಿ.
ಭಾಯಿ, ಲಾಲ್‌ಬಾಗಿನ ಚಾಳಿನಲ್ಲಿ ನನ್ನ ಖೋಲಿಯೇ ಹತ್ತಡಿ,
ಟೇಪು ಹಿಡಿದು ಅಳೆದವನು ನಾನು;
ಹೊಲಿಗೆ ಮೆಷೀನು ಎರಡೂವರೆ ತಿನ್ನುತ್ತದೆ, ಕಪಾಟು ಎರಡು,
ಉಳಿದದ್ದರಲ್ಲಿ ಮಕ್ಕಳು, ಬೆಳಕು, ನಾನು.

ಅದಕ್ಕೇ ಗ್ಯಾಲರಿಗೆ ಬಂದು
ಕಿಟಕಿ ಸರಳಿನ ನಡುವೆ ಲೆನ್ಸು ತೂರಿಸಿದೆ.
ನೀರಿಗೆ ಹೊರಟ ಪರಬ್ ಕಾಕು ಬಕೆಟ್ ಇಳಿಸಿ ಕೇಳಿದಳು:
ಏನು ಮಾಸ್ಟರ್, ನಿಮ್ಮ ಮನೆಗೆ ನೀವೇ ಇಣುಕುವುದೇ?

ಬಟ್ಟೆ ನನಗೆ ಗೊತ್ತು, ಬೆಳಕು ಗೊತ್ತಿಲ್ಲ.
ಹಾಗಾಗಿ ಫ್ಲ್ಯಾಶಿಗೆ ಬಟ್ಟೆ ತೊಡಿಸಿದೆ.
ಮಲ್‌ಮಲ್ ಒಂದು ಪದರ, ಇನ್ನೂ ಚುಚ್ಚಿತು.
ಪಾಪ್ಲಿನ್, ಉಸಿರು ಕಟ್ಟಿತು.
ಯಾರದೋ ಮದುವೆ ಬ್ಲೌಸಿನಿಂದ ಉಳಿದ
ಕೆನೆಬಣ್ಣದ ಅಸ್ತರಿನ ತುಂಡು
ಬೆಳಕನ್ನು ಚೂರು ಹೊತ್ತು ಬಾಯಲ್ಲಿಟ್ಟುಕೊಂಡು
ಮೆತ್ತಗೆ ಬಿಟ್ಟಿತು.
ಅವತ್ತು ಸಿದ್ಧುವಿನ ಮೂಗಿಗೆ ಒಂದು ಮಗ್ಗುಲು ಬಂತು.

ಮತ್ತೆ ಹೋದಾಗ ತಾಹೇರ್‌ಭಾಯಿ ತಲೆ ಚಚ್ಚಿಕೊಂಡ.
ಅಯ್ಯೋ, ಇದರ ಕತ್ತು ತಿರುಗುತ್ತದಲ್ಲ!
ಮುಖಕ್ಕೆ ಹೊಡೆಯಬೇಡ, ಸೂರಿಗೆ ಹೊಡೆ,
ಬೆಳಕು ತಾನಾಗಿ ಇಳಿದು ಬರಲಿ.
ಇಳಿದು ಬಂತು. ಹಸಿರಾಗಿ.
ಹಿಂದಿನ ಬಾಡಿಗೆದಾರ ಬಳಿದ ಎಣ್ಣೆಬಣ್ಣ.
ಏಳು ವರ್ಷ ಅದರ ಕೆಳಗೆ ಮಲಗಿಯೂ
ಒಮ್ಮೆಯೂ ಅದು ಯಾವ ಬಣ್ಣವೆಂದು ನೋಡಿರಲಿಲ್ಲ.
ಫೋಟೋದಲ್ಲಿ ಎರಡು ಹೀರೇಕಾಯಿ, ಹಲ್ಲು ಕಿರಿದಿವೆ.
ಶಾಂಭವಿ ಕಣ್ಣು ಕಿರಿದು ಮಾಡಿ ನೋಡಿ,
ಕಾಮಣಿ ಅಂತೂ ಅಲ್ಲ ಬಿಡ್ರಿ, ಅದು ಹಳದಿ ಇರ್ತದ, ಅಂದಳು.

ಆ ರಾತ್ರಿ ಗಂಗೋತ್ರಿ ಕ್ಯಾಮೆರಾ ಕಸಿದುಕೊಂಡಳು.
ಫ್ಲ್ಯಾಶಿನ ಕತ್ತು ಮುಂದಕ್ಕೇ ತಿರುಗಿಸಿದಳು.
ಅಪ್ಪಾ, ನೀ ನಿಂದ್ರು. ಅಲ್ಲಾಡಬ್ಯಾಡ. ನಗು. ಹಂಗಲ್ಲ.
ನನ್ನವೇ ಮಾತು,
ನನ್ನ ಗದರಿಕೆಯ ಅಳತೆಗೇ ಕತ್ತರಿಸಿದ್ದು.
ಸೊಳ್ಳೆಯಂತೆ ಗುಂಯ್ಗುಟ್ಟಿ ಫ್ಲ್ಯಾಶು ತುಂಬಿಕೊಂಡಿತು,
ಆಮೇಲೆ ಬಿಳಿ,
ಬಿಳಿಯ ನಡುವೆ ಒಂದು ನೇರಳೆ ತೂತು,
ಎತ್ತ ತಿರುಗಿದರೂ ನನ್ನ ಜೊತೆಗೇ.
ಮಗಳ ಮುಖ ಹುಡುಕಿದೆ.
ತೂತು ಅವಳ ಕೊರಳ ಮೇಲೆ ಕೂತಿತ್ತು,
ಒಳಗಿನಿಂದ ಅವಳ ನಗೆ ಕೇಳಿಸುತ್ತಿತ್ತು.
ಹತ್ತು ಎಣಿಸುವಷ್ಟು ಹೊತ್ತು.
ಒಂದು ತಿಂಗಳಲ್ಲಿ ಇನ್ನೂರು ಸಲವಾದರೂ
ನಾನು ಅವರ ಪಾಲಿಗೆ
ಹೀಗೆ ಮುಖವಿಲ್ಲದೆ ನಿಂತಿರಬೇಕು.

ಭಾನುವಾರ ಮಾಲಕನನ್ನು ಕೇಳದೆ
ಮೆಷೀನಿಗೆ ಚಾದರ ಹೊದಿಸಿ, ಸ್ಟೂಲು ಹತ್ತಿ,
ಉಪ್ಪುಕಾಗದದಿಂದ ತಿಕ್ಕತೊಡಗಿದೆ.
ಹಸಿರು ಪುಡಿ ಗಡ್ಡಕ್ಕೆ, ಟೀ ಲೋಟಕ್ಕೆ, ಶಾಂಭವಿಯ ಬೈಗುಳಕ್ಕೆ.
ಮಧ್ಯಾಹ್ನದ ಮೇಲೆ ಬಿಳಿ ಒಂದು ಕೋಟು.
ಸಿದ್ಧು ಪೇಪರಿನ ಟೊಪ್ಪಿಗೆ ಹಾಕಿಕೊಂಡು
ಡಬ್ಬ ಹಿಡಿದು ನಿಂತಿದ್ದ, ಹುಬ್ಬಿನ ಮೇಲೆ ಒಂದು ಹನಿ.
ಕ್ಯಾಮೆರಾ ಕಪಾಟಿನೊಳಗಿತ್ತು.
ಕೈ ಒದ್ದೆ ಇತ್ತು.

ರಾತ್ರಿ ಇಬ್ಬರೂ ಚಾಪೆಯ ಮೇಲೆ ಅಂಗಾತ ಮಲಗಿ
ಬಣ್ಣದ ವಾಸನೆಗೆ ಮೂಗು ಹಿಡಿದು ಮೇಲೆ ನೋಡುತ್ತಿದ್ದರು.
ಅಪ್ಪಾ, ಫ್ಯಾನಿನ ಹಂತೇಕ ಒಂಚೂರು ಹಸಿರು ಉಳದದ.
ಹೌದು, ಉಳಿದಿದೆ. ಕೈ ಎಟುಕಲಿಲ್ಲ.
ಬೆಳಕಿನ ಜೊತೆ ಅದೂ
ಯಾರದಾದರೂ ಕಿವಿಯ ತುದಿಗೆ ಇಳಿದೀತು.