ಸಾಸರಿನ ಮೇಲೆ ಕಿತ್ತಳೆ

ಹದಿನೇಳು ಸಲ ಜಾರಿದೆ ಈ ಬಲಭುಜ.
ಮೊದಲನೆಯದು ನಾಪೋಕ್ಲಿನ ಮೈದಾನದಲ್ಲಿ,
ಗೋಲಿನ ಮೂಲೆಗೆ ಹಾರಿದಾಗ.
ಚೆಂಡು ನಿಂತಿತು, ತೋಳು ನಿಲ್ಲಲಿಲ್ಲ.
ಕೊನೆಯದು ನಾಚಿಕೆಗೇಡು:
ಗೋಣಿಕೊಪ್ಪದ ಬಸ್ಸಿನಲ್ಲಿ, ತೂಕಡಿಸುತ್ತ,
ಮೇಲಿನ ಕಂಬಿ ಹಿಡಿದುಕೊಂಡೇ.
ನಡುವಿನವು ಅಟ್ಟದ ಭರಣಿಗೆ, ಒದ್ದೆ ಕಂಬಳಿಗೆ,
ಒಂದು ಬರೀ ಸೀನಿಗೆ.

ಡಾಕ್ಟರು ಮೇಜಿನ ಮೇಲೆ ಕಾಫಿಯ ಸಾಸರ್ ಇಟ್ಟು
ಅದರ ಮೇಲೊಂದು ಕಿತ್ತಳೆ ಕೂರಿಸಿದರು.
"ಭುಜ ಅಂದರೆ ಇಷ್ಟೇ ಕಣಮ್ಮಾ.
ಎಲ್ಲ ದಿಕ್ಕಿಗೂ ತಿರುಗಲಿ ಅಂತ
ಬಟ್ಟಲನ್ನು ಆಳ ಮಾಡಲಿಲ್ಲ.
ನಿನ್ನ ಸಾಸರಿನ ಮುಂದಿನ ಅಂಚು ಒಡೆದಿದೆ."
ಬೆರಳಿಂದ ಮೆಲ್ಲಗೆ ತಳ್ಳಿದರು.
ಕಿತ್ತಳೆ ಉರುಳಿ ನನ್ನ ಮಡಿಲಿಗೇ ಬಿತ್ತು.
ಹೊರಗೆ ಬಂದು ಸುಲಿದು ತಿಂದೆ. ಹುಳಿ.

ಕಾಗೆಯ ಕೊಕ್ಕಿನಂಥ ಎಲುಬಿನ ತುದಿ ಕತ್ತರಿಸಿ
ಒಡೆದ ಅಂಚಿಗೆ ತಂದು ಎರಡು ಸ್ಕ್ರೂ ಬಿಗಿದರಂತೆ,
ಬದು ಒಡೆದ ಗದ್ದೆಗೆ
ಅದೇ ಗದ್ದೆಯ ಮಣ್ಣು ಮೆತ್ತಿದ ಹಾಗೆ.

ಆರು ವಾರ ತೋಳು ಜೋಳಿಗೆಯಲ್ಲಿ.
ಆಮೇಲೆ ಫಿಸಿಯೋ ಶಾಹಿದಾ
ಗೋಡೆಯ ಮೇಲೆ ಬೆರಳು ಹತ್ತಿಸಿದಳು;
ಹತ್ತಿದಲ್ಲಿಗೆ ಪೆನ್ಸಿಲಿನ ಗೆರೆ, ತಾರೀಖು.
ಕೆಲವು ದಿನ ಗೆರೆ ಕೆಳಗೇ ಬಿತ್ತು.
ಅದನ್ನೂ ಬರೆದಳು.

ತಪಾಸಣೆಯ ದಿನ ಡಾಕ್ಟರು
ನನ್ನ ತೋಳೆತ್ತಿ, ಮೊಣಕೈ ಮಡಿಸಿ,
ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಾಗಿಸಿದರು.
ತೋಳು ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದರು.
"ಕೀಲು ಗಟ್ಟಿಯಾಗಿದೆ. ಹೆದರಿಕೆ ಮಾತ್ರ ಹಳೆಯದು."
ಅದಕ್ಕೆ ಸ್ಕ್ರೂ ಉಂಟಾ ಅಂತ
ನಾನು ಕೇಳಲಿಲ್ಲ.

ಮೊನ್ನೆ ವಿರಾಜಪೇಟೆಯಲ್ಲಿ ಮದುವೆ.
ನಮ್ಮ ಸೀರೆಯ ನೆರಿಗೆ ಬೆನ್ನ ಹಿಂದೆ ಅಲ್ಲವಾ?
ಎಡಗೈ ಹೋಯಿತು.
ಬಲಗೈ ಸೊಂಟದ ಬದಿಯವರೆಗೆ ಬಂದು
ಇನ್ನು ಬರಲ್ಲ ಅಂದಿತು.
ಮೊದಲೆಲ್ಲ ಹೋಗುತ್ತಿತ್ತು,
ಬೇಕಾದ್ದಕ್ಕಿಂತ ಒಂದು ಬೆರಳು ಹೆಚ್ಚೇ.
ಆ ಒಂದು ಬೆರಳಿನಷ್ಟು ಜಾಗದಲ್ಲೇ
ಜಾರುತ್ತಿದ್ದದ್ದು.
ನಾದಿನಿ ಚೋಂದವ್ವ ಹಲ್ಲಲ್ಲಿ ಪಿನ್ನು ಕಚ್ಚಿಕೊಂಡು
ನೆರಿಗೆ ಸಿಕ್ಕಿಸಿದಳು.
"ಬಿಗಿಯಾಯ್ತಾ?"
"ಆಯ್ತು," ಅಂದೆ, "ಸಾಕು."

ವಾಲಗ ಶುರುವಾಯಿತು. ಎಲ್ಲರ ಕೈ ಮೇಲೆದ್ದವು.
ನನ್ನದೂ ಎದ್ದಿತು, ಕಿವಿಯ ಮಟ್ಟಕ್ಕೆ,
ಕಿವಿಯನ್ನೂ ದಾಟಿ.
ಜಾರಲಿಲ್ಲ.
ಹಾಡು ಮುಗಿದು ನೋಡಿಕೊಂಡರೆ
ನನ್ನ ಎಡಗೈ, ಯಾರೂ ಹೇಳದೆ,
ಬಲಭುಜವನ್ನು ಹಿಡಿದುಕೊಂಡು ನಿಂತಿತ್ತು
ಹದಿನೆಂಟನೆಯದಕ್ಕೆ.